ಬದುವಿನ ಆಚೆ ಈಚೆ: ಕರಗುವಿಕೆಯ ಗ್ರಾಫನ್ನು ಓದುವ ಬಗೆ

(ಕುಮಟಾದಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮ ಕೈಗೆ ಕೊಟ್ಟಿರುವ ಹಾಳೆಯಲ್ಲಿ ಒಂದು ಗ್ರಾಫ್ ಇದೆ. ಹಾಳೆ ಸಿಕ್ಕ ಕೂಡಲೇ ನಿಮ್ಮ ಕಣ್ಣು ಎಲ್ಲಿಗೆ ಹೋಯಿತು ಎಂದು ನಾನು ಹೇಳಬಲ್ಲೆ. ಎಡಗಡೆ ತಳದಲ್ಲಿ ಹುಟ್ಟಿ, ಬಲಗಡೆ ಘಟ್ಟ ಹತ್ತಿದಂತೆ ಏರಿರುವ ಆ ಗೆರೆಗೆ. ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ಈಗ ನನ್ನದೊಂದು ಕೋರಿಕೆ. ಅಂಗೈಯಿಂದ ಗೆರೆಗಳನ್ನೆಲ್ಲ ಮುಚ್ಚಿಬಿಡಿ. ಅಂಚಿನಲ್ಲಿ ಏನು ಬರೆದಿದೆ ಎಂಬುದನ್ನಷ್ಟೇ ಓದಿ.

ಅಡ್ಡ ಅಕ್ಷದಲ್ಲಿ ಉಷ್ಣತೆ, ಸೊನ್ನೆಯಿಂದ 100 ಡಿಗ್ರಿ ಸೆಲ್ಸಿಯಸ್. ಲಂಬ ಅಕ್ಷದಲ್ಲಿ ‘100 ಗ್ರಾಂ ನೀರಿನಲ್ಲಿ ಕರಗುವ ವಸ್ತು, ಗ್ರಾಂಗಳಲ್ಲಿ’, ಸೊನ್ನೆಯಿಂದ 250ರವರೆಗೆ. ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿದವನು ನಾನು, ಉತ್ತರಪತ್ರಿಕೆಗಳನ್ನೂ ತಿದ್ದಿದ್ದೇನೆ. ಈ ಪಾಠದಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ‘100 ಗ್ರಾಂ ನೀರು’ ಎಂಬಲ್ಲಿ. ಅದನ್ನು ಅವರು ‘100 ಗ್ರಾಂ ದ್ರಾವಣ’ ಎಂದು ಓದಿಕೊಳ್ಳುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಘಟ್ಟ ಹತ್ತಿದ ಗೆರೆ ಪೊಟ್ಯಾಸಿಯಂ ನೈಟ್ರೇಟಿನದು. ಹಳಬರ ಮಾತಿನಲ್ಲಿ ಪೆಟ್ಲುಪ್ಪು. 60 ಡಿಗ್ರಿಯಲ್ಲಿ ಅದು 110 ಗ್ರಾಂ ಕರಗುತ್ತದೆ, 20 ಡಿಗ್ರಿಯಲ್ಲಿ 31.6 ಗ್ರಾಂ. 100 ಗ್ರಾಂ ನೀರು ತೆಗೆದುಕೊಂಡು 60 ಡಿಗ್ರಿಗೆ ಕಾಯಿಸಿ, ಹಿಡಿಯುವಷ್ಟನ್ನೂ ಕರಗಿಸಿ, ಆಮೇಲೆ 20 ಡಿಗ್ರಿಗೆ ತಣಿಸಿದರೆ 78.4 ಗ್ರಾಂ ಹರಳು ತಳದಲ್ಲಿ ಕೂರುತ್ತದೆ. ಇದು ಬರಿಯ ಕಳೆಯುವ ಲೆಕ್ಕ. ಆದರೆ ಪ್ರಶ್ನೆಯಲ್ಲಿ ‘60 ಡಿಗ್ರಿಯ 100 ಗ್ರಾಂ ಪರ್ಯಾಪ್ತ ದ್ರಾವಣವನ್ನು ತಣಿಸಿದರೆ’ ಎಂದಿದ್ದರೆ? (ಪರ್ಯಾಪ್ತ ಎಂದರೆ ಇನ್ನಷ್ಟು ಕರಗಿಸಿಕೊಳ್ಳಲಾರದಷ್ಟು ತುಂಬಿದ್ದು.) 100 ಗ್ರಾಂ ನೀರು ಮತ್ತು 110 ಗ್ರಾಂ ಪೆಟ್ಲುಪ್ಪು ಸೇರಿ ದ್ರಾವಣ 210 ಗ್ರಾಂ ಆಗುತ್ತದೆ. ನಿಮ್ಮ ಬಳಿ ಇರುವುದು ಅದರಲ್ಲಿ 100 ಗ್ರಾಂ ಮಾತ್ರ, ಎಂದರೆ ಅದರಲ್ಲಿರುವ ನೀರು 47.6 ಗ್ರಾಂ. ಹಾಗಾಗಿ ಬರುವ ಹರಳು 37.3 ಗ್ರಾಂ. ಒಂದೇ ಪದ ತಪ್ಪಿ ಓದಿದರೆ ಉತ್ತರ ಎರಡು ಪಟ್ಟು ಹೆಚ್ಚಾಗುತ್ತದೆ.

ಈಗ ಅಂಗೈ ತೆಗೆಯಿರಿ. ಹಾಳೆಯ ಕೆಳಗೆ ನಾಲ್ಕು ವಸ್ತುಗಳ ಹೆಸರಿವೆ: ಪೆಟ್ಲುಪ್ಪು, ಅಡುಗೆ ಉಪ್ಪು, ಸೋಡಿಯಂ ಸಲ್ಫೇಟ್ ಮತ್ತು ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಗೆರೆಗಳನ್ನು ಎಣಿಸಿ. ಮೂರೇ ಕಾಣುತ್ತವೆ, ಅಲ್ಲವೇ? ನಾಲ್ಕನೆಯದನ್ನೂ ನಾನು ಬರೆದಿದ್ದೇನೆ. ಅದು ಎಲ್ಲಿದೆ ಎಂಬುದನ್ನು ಯೋಚಿಸುತ್ತಿರಿ, ಮುಂದೆ ಅದಕ್ಕೆ ಬರುತ್ತೇನೆ.

ಮೊದಲು ಗೆರೆ ಎಂದರೇನು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಪುಸ್ತಕಗಳು ಇದನ್ನು ಕರಗುವಿಕೆಯ ವಕ್ರರೇಖೆ ಎನ್ನುತ್ತವೆ. ನಾನು ಇದನ್ನು ಬದು ಎನ್ನುತ್ತೇನೆ. ಗದ್ದೆಯ ಬದು ಇದೆಯಲ್ಲ, ಅದೇ. ಬದುವಿನ ಕೆಳಗಿರುವುದು ಅಪರ್ಯಾಪ್ತ ದ್ರಾವಣದ ಗದ್ದೆ. ಅಲ್ಲಿ ಯಾವ ಚುಕ್ಕೆಯ ಮೇಲೆ ಬೆರಳಿಟ್ಟರೂ ನೀರಿಗೆ ಇನ್ನಷ್ಟು ಕರಗಿಸಿಕೊಳ್ಳುವ ಶಕ್ತಿ ಇದೆ ಎಂದೇ ಅರ್ಥ. ಬದುವಿನ ಮೇಲೆ ನಿಂತರೆ ದ್ರಾವಣ ಪರ್ಯಾಪ್ತ. ಬದುವಿನ ಮೇಲುಗಡೆ ಬೆರಳಿಟ್ಟರೆ, ಒಂದೋ ತಳದಲ್ಲಿ ಕರಗದ ವಸ್ತು ಕೂತಿದೆ, ಇಲ್ಲವೇ ದ್ರಾವಣ ಅತಿಪರ್ಯಾಪ್ತವಾಗಿ, ಎಂದರೆ ಮಿತಿಗಿಂತ ಹೆಚ್ಚು ಕರಗಿಸಿಕೊಂಡು, ತುದಿಗಾಲಿನ ಮೇಲೆ ನಿಂತಿದೆ. ನಿಮ್ಮ ಲೋಟದಲ್ಲಿ ಎಷ್ಟು ಕರಗಿದೆ ಎಂಬುದನ್ನು ಗೆರೆ ಹೇಳುವುದಿಲ್ಲ. ಎಷ್ಟರವರೆಗೆ ಹೋಗಬಹುದು ಎಂಬುದನ್ನು ಮಾತ್ರ ಹೇಳುತ್ತದೆ. ಈ ವ್ಯತ್ಯಾಸವನ್ನು ದಯವಿಟ್ಟು ಹಿಡಿದಿಟ್ಟುಕೊಳ್ಳಿ. ಕೊನೆಯಲ್ಲಿ ಒಂದು ಜೀವದ ಪ್ರಶ್ನೆ ಇದರ ಮೇಲೆಯೇ ನಿಲ್ಲುತ್ತದೆ.

ಗೆರೆ ವೇಗವನ್ನೂ ಹೇಳುವುದಿಲ್ಲ. ‘ಬಿಸಿ ನೀರಿನಲ್ಲಿ ಸಕ್ಕರೆ ಬೇಗ ಕರಗುತ್ತದೆ, ಆದ್ದರಿಂದ ಗೆರೆ ಮೇಲೇರುತ್ತದೆ’ ಎಂದು ಬರೆಯುವ ಮಕ್ಕಳು ಬಹಳ. ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟು ಹಾಕಿದಂತೆ ಇದು. ರಾಮನವಮಿಯ ಪಾನಕವನ್ನು ನೆನಪಿಸಿಕೊಳ್ಳಿ. ತಣ್ಣೀರಿಗೆ ಬೆಲ್ಲದ ಉಂಡೆ ಹಾಕಿದರೆ ಅರ್ಧ ಗಂಟೆಯಾದರೂ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ನೀರು ಪರ್ಯಾಪ್ತವಾಯಿತೇ? ಇಲ್ಲವೇ ಇಲ್ಲ. ಸೊನ್ನೆ ಡಿಗ್ರಿಯ ನೀರು ಕೂಡ 100 ಗ್ರಾಮಿಗೆ ಸುಮಾರು 179 ಗ್ರಾಂ ಸಕ್ಕರೆಯನ್ನು ಹಿಡಿಯಬಲ್ಲದು. ಪಾನಕಕ್ಕೆ ಅಷ್ಟು ಸಿಹಿಯನ್ನು ಯಾರೂ ಹಾಕುವುದಿಲ್ಲ. ಅಲ್ಲಿ ಸಾಲದೆ ಬಂದದ್ದು ಸಮಯ. ಬೆಲ್ಲವನ್ನು ಕುಟ್ಟಿದರೆ, ಸೌಟಿನಿಂದ ಕದಡಿದರೆ ಬೇಗ ಕರಗುತ್ತದೆ. ಎಷ್ಟೇ ಕದಡಿದರೂ ಬದು ಮಾತ್ರ ಒಂದಿಂಚೂ ಸರಿಯುವುದಿಲ್ಲ.

ಇನ್ನು ಪೆಟ್ಲುಪ್ಪಿನ ಗೆರೆಯನ್ನೂ ಅಡುಗೆ ಉಪ್ಪಿನ ಗೆರೆಯನ್ನೂ ಪಕ್ಕಪಕ್ಕದಲ್ಲಿ ನೋಡಿ. ಅಡುಗೆ ಉಪ್ಪಿನದು ಹೆಚ್ಚು ಕಡಿಮೆ ನೆಲಕ್ಕೆ ಸಮಾನಾಂತರವಾಗಿ ಮಲಗಿದೆ. ಸೊನ್ನೆ ಡಿಗ್ರಿಯಲ್ಲಿ 35.7 ಗ್ರಾಂ, 20 ಡಿಗ್ರಿಯಲ್ಲಿ 36, 100 ಡಿಗ್ರಿಯಲ್ಲಿ ಸುಮಾರು 39. ಪೆಟ್ಲುಪ್ಪು ಸೊನ್ನೆಯಲ್ಲಿ 13.3ರಿಂದ ಹೊರಟು 100 ಡಿಗ್ರಿಯಲ್ಲಿ 246ಕ್ಕೆ ಮುಟ್ಟುತ್ತದೆ. ಎರಡೂ ಸುಮಾರು 24 ಡಿಗ್ರಿಯ ಬಳಿ ಒಂದನ್ನೊಂದು ಅಡ್ಡ ಹಾಯುತ್ತವೆ. ಗೆರೆಗಳು ಕೂಡುವ ಜಾಗದಲ್ಲಿ ಎರಡು ವಸ್ತುಗಳ ನಡುವೆ ಏನೋ ನಡೆಯುತ್ತದೆ ಎಂದು ಕೆಲವರು ತಿಳಿಯುತ್ತಾರೆ. ಏನೂ ನಡೆಯುವುದಿಲ್ಲ. ಆ ಉಷ್ಣತೆಯಲ್ಲಿ ಎರಡರ ಕರಗುವಿಕೆಯೂ ಸಮ ಎಂದಷ್ಟೇ ಅದರ ಅರ್ಥ. ‘ಯಾವುದು ಹೆಚ್ಚು ಕರಗುತ್ತದೆ, ಉಪ್ಪೋ ಪೆಟ್ಲುಪ್ಪೋ?’ ಎಂದು ಕೇಳಿದರೆ ‘ಎಷ್ಟು ಡಿಗ್ರಿಯಲ್ಲಿ?’ ಎಂದು ಮರುಪ್ರಶ್ನೆ ಹಾಕುವ ವಿದ್ಯಾರ್ಥಿಗೆ ಗ್ರಾಫ್ ಅರ್ಥವಾಗಿದೆ. ಈ ಸಭಾಂಗಣದ ಸೆಕೆಯಲ್ಲಿ ಪೆಟ್ಲುಪ್ಪು ಮುಂದು. ಬೆಂಗಳೂರಿನ ಡಿಸೆಂಬರ್ ಮುಂಜಾನೆಯ ಚಳಿಯಲ್ಲಿ ಉಪ್ಪು ಮುಂದು.

ಆದರೆ ಎತ್ತರಕ್ಕಿಂತ ಏರು ಮುಖ್ಯ. ಗೆರೆಯ ಏರನ್ನು ನೋಡಿಯೇ ಒಂದು ವಸ್ತುವನ್ನು ನೀರಿನಿಂದ ಹೊರಗೆ ತರುವ ದಾರಿಯನ್ನು ಮನುಷ್ಯ ಆರಿಸಿಕೊಂಡಿದ್ದಾನೆ. ಗ್ರಾಫ್ ಎಂಬುದು ಹುಟ್ಟುವ ಮೊದಲೇ ಆರಿಸಿಕೊಂಡಿದ್ದಾನೆ ಎಂಬುದು ನನಗೆ ಇಂದಿಗೂ ಬೆರಗು. ಪೆಟ್ಲುಪ್ಪನ್ನು ನೋಡಿ. ಕೋವಿಮದ್ದಿನ ಮುಕ್ಕಾಲು ಭಾಗ ಅದೇ. ಹೈದರಾಲಿ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳು ಹಾರಿದ್ದು ಆ ಮದ್ದಿನಿಂದ. ಹಳೆಯ ಕೊಟ್ಟಿಗೆ, ಹಟ್ಟಿಗಳ ಮಣ್ಣನ್ನು ನೀರಿನಲ್ಲಿ ತೊಳೆದು, ಆ ನೀರನ್ನು ಕುದಿಸಿ ಗಟ್ಟಿ ಮಾಡಿ, ತಣಿಯಲು ಬಿಡುತ್ತಿದ್ದರು. ಮಣ್ಣಿನ ನೀರಿನಲ್ಲಿ ಪೆಟ್ಲುಪ್ಪಿನ ಜೊತೆ ಅಡುಗೆ ಉಪ್ಪೂ ಇರುತ್ತದೆ. ಬೇರೆ ಮಾಡುವುದು ಹೇಗೆ? ಗ್ರಾಫಿಗೆ ಕೇಳೋಣ. 100 ಗ್ರಾಂ ಬಿಸಿ ನೀರಿನಲ್ಲಿ 100 ಗ್ರಾಂ ಪೆಟ್ಲುಪ್ಪು, 10 ಗ್ರಾಂ ಅಡುಗೆ ಉಪ್ಪು ಕರಗಿವೆ ಎಂದಿಟ್ಟುಕೊಳ್ಳಿ. 20 ಡಿಗ್ರಿಗೆ ತಣಿದಾಗ ಪೆಟ್ಲುಪ್ಪಿನಲ್ಲಿ ಸುಮಾರು 68 ಗ್ರಾಂ ಹರಳಾಗಿ ಹೊರಬೀಳುತ್ತದೆ. ಅಡುಗೆ ಉಪ್ಪಿಗೆ 36 ಗ್ರಾಮಿನವರೆಗೆ ಜಾಗವಿದೆ, ಇರುವುದು 10. ಅದು ನೀರಿನಲ್ಲೇ ಉಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೆ ಮುಗಿಯಿತು. ಇಲ್ಲಿ ಒಂದು ಎಚ್ಚರಿಕೆ. ಹಾಳೆಯಲ್ಲಿರುವ ಪ್ರತಿ ಗೆರೆಯೂ ಆ ವಸ್ತು ನೀರಿನಲ್ಲಿ ಒಂಟಿಯಾಗಿ ಇದ್ದಾಗಿನದು. ಜೊತೆಗಾರರು ಬಂದರೆ ಅಂಕಿಗಳು ಒಂದಿಷ್ಟು ಆಚೀಚೆ ಆಗುತ್ತವೆ. ಹಾಗಾಗಿಯೇ ‘ಸುಮಾರು’ ಎಂದೆ.

ಅದೇ ಉಪಾಯವನ್ನು ಅಡುಗೆ ಉಪ್ಪಿಗೆ ಮಾಡಿ ನೋಡಿ. ಕುದಿಯುವ ನೀರಿನಲ್ಲಿ ಸುಮಾರು 39 ಗ್ರಾಂ ಕರಗಿಸಿ 20 ಡಿಗ್ರಿಗೆ ತಣಿಸಿದರೆ ಕೈಗೆ ಸಿಗುವುದು ಮೂರು ಗ್ರಾಂ. ಇಷ್ಟಕ್ಕೆ ಸೌದೆ ಉರಿಸುವವರು ಯಾರು? ಮಲಗಿರುವ ಗೆರೆಯ ಮೇಲೆ ಉಷ್ಣತೆಯನ್ನು ಎಷ್ಟು ಆಚೀಚೆ ಓಡಾಡಿಸಿದರೂ ಪ್ರಯೋಜನವಿಲ್ಲ. ನೀರನ್ನೇ ಕಡಿಮೆ ಮಾಡಬೇಕು. ಇದಕ್ಕೆ ಉದಾಹರಣೆ ಹುಡುಕಿಕೊಂಡು ನೀವು ದೂರ ಹೋಗಬೇಕಾಗಿಲ್ಲ. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಅಘನಾಶಿನಿಯ ಅಳಿವೆಯ ನೀರನ್ನು ಉಪ್ಪಿನಾಗರಕ್ಕೆ ಬಿಟ್ಟುಕೊಂಡು ಬಿಸಿಲಿಗೆ ಒಣಗಿಸುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಎಲ್ಲ ಲವಣಗಳೂ ಸೇರಿ ಸುಮಾರು 35 ಗ್ರಾಂ, ಅದರಲ್ಲಿ ಅಡುಗೆ ಉಪ್ಪು ಸುಮಾರು 27 ಗ್ರಾಂ. ಬದುವನ್ನು ಮುಟ್ಟಬೇಕಾದರೆ ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕು. ಅದಕ್ಕಿಂತ ಬಹಳ ಮೊದಲೇ ಅದೇ ನೀರಿನಲ್ಲಿರುವ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ತನ್ನ ಬದುವನ್ನು ದಾಟಿ ತಳ ಸೇರಿರುತ್ತದೆ, ಏಕೆಂದರೆ ಅದರ ಬದು ತೀರಾ ತಗ್ಗು. ಮೆಗ್ನೀಸಿಯಂ ಲವಣಗಳು ಬಹಳ ಕರಗುವಂಥವು, ಉಪ್ಪು ಬಿದ್ದ ಮೇಲೂ ಕಹಿ ನೀರಿನಲ್ಲಿ ಉಳಿದುಕೊಳ್ಳುತ್ತವೆ. ಆ ಕಹಿ ನೀರನ್ನು ಹೊರಗೆ ಬಿಡಬೇಕು, ಪೂರ್ತಿ ಒಣಗಿಸಿದರೆ ಉಪ್ಪು ಕಹಿಯಾಗುತ್ತದೆ. ನೀರನ್ನು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಬಿಡುತ್ತಾ ಹೋಗುವುದರ ಹಿಂದೆ ಇರುವುದು ಇದೇ ಲೆಕ್ಕ. ಶಿಕ್ಷಕರಲ್ಲಿ ನನ್ನ ವಿನಂತಿ: ಮಕ್ಕಳನ್ನು ಒಮ್ಮೆ ಸಾಣಿಕಟ್ಟಾಕ್ಕೆ ಕರೆದುಕೊಂಡು ಹೋಗಿ, ಈ ಹಾಳೆಯನ್ನು ಅವರ ಕೈಯಲ್ಲಿ ಕೊಡಿ. ಗ್ರಾಫಿನ ಒಳಗೇ ನಡೆದಾಡಿದಂತೆ ಆಗುತ್ತದೆ.

ಬದುವಿನ ಮೇಲುಗಡೆಯ ಸೀಮೆಗೆ ಬರೋಣ. ನಾನು ಮಂಡ್ಯ ಕಡೆಯವನು. ನಮ್ಮಲ್ಲಿ ಸಂಕ್ರಾಂತಿಗೆ ಎಳ್ಳಿನ ಜೊತೆ ಸಕ್ಕರೆ ಅಚ್ಚು ಬೀರುತ್ತಾರೆ. ನನ್ನ ತಾಯಿ ಅಚ್ಚು ಹುಯ್ಯುವುದನ್ನು ನೋಡುತ್ತ ನಾನು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದೆ. ಸಕ್ಕರೆಗೆ ನೀರು ಹಾಕಿ ಕಾಯಿಸಿ, ಒಂದಿಷ್ಟು ಹಾಲು ಬಿಟ್ಟು, ಮೇಲೆ ಬಂದ ಕೊಳೆಯನ್ನು ತೆಗೆದು ಬಟ್ಟೆಯಲ್ಲಿ ಸೋಸುತ್ತಿದ್ದರು. ಆಮೇಲೆ ಸ್ವಲ್ಪ ಸ್ವಲ್ಪವೇ ಪಾಕವನ್ನು ಸಣ್ಣ ಪಾತ್ರೆಗೆ ಹಾಕಿಕೊಂಡು ಒಲೆಯ ಮೇಲಿಟ್ಟು, ಪಾತ್ರೆಯ ಅಂಚಿಗೆ ಸೌಟಿನಿಂದ ತಿಕ್ಕುತ್ತಿದ್ದರು. ತಿಕ್ಕುತ್ತ ತಿಕ್ಕುತ್ತ ತಿಳಿ ಪಾಕ ಒಂದು ಗಳಿಗೆಯಲ್ಲಿ ಮಬ್ಬಾಗುತ್ತದೆ. ಅದೇ ಗಳಿಗೆಯಲ್ಲಿ ನೀರಿನಲ್ಲಿ ನೆನೆಸಿದ ಮರದ ಅಚ್ಚಿಗೆ ಹುಯ್ಯಬೇಕು. ಮೊದಲೇ ಹುಯ್ದರೆ ಅಚ್ಚು ಕೂರುವುದಿಲ್ಲ. ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಕುದಿಯುವ ಬಿಸಿಯಲ್ಲಿ 100 ಗ್ರಾಂ ನೀರು ಸುಮಾರು 487 ಗ್ರಾಂ ಸಕ್ಕರೆಯನ್ನು ಹಿಡಿಯುತ್ತದೆ. 20 ಡಿಗ್ರಿಗೆ ಇಳಿದರೆ ಹಿಡಿಯುವುದು ಸುಮಾರು 204 ಗ್ರಾಂ. ಪಾಕ ಬದುವನ್ನು ದಾಟಿ ಮೇಲೆ ನಿಂತಿದೆ, ಹರಳಾಗಲು ಒಂದು ನೆಪ ಬೇಕು. ಸೌಟಿನ ತಿಕ್ಕಾಟದಿಂದ ಹುಟ್ಟುವ ಕಣ್ಣಿಗೆ ಕಾಣದ ಮೊದಲ ಹರಳುಗಳೇ ಆ ನೆಪ. ಗ್ರಾಫ್ ಇದನ್ನು ತೋರಿಸುವುದಿಲ್ಲ. ಯಾವಾಗ ಹರಳು ಬರಬಹುದು ಎಂಬುದನ್ನು ಅದು ತೋರಿಸುತ್ತದೆ, ಯಾವ ಗಳಿಗೆಯಲ್ಲಿ ಬರುತ್ತದೆ ಎಂಬುದನ್ನು ತಾಯಿಯ ಕಣ್ಣು ಕಂಡುಕೊಳ್ಳಬೇಕಿತ್ತು.

ಜೇನುತುಪ್ಪದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಘಟ್ಟದ ಮೇಲಿನ ಜೇನು ಸಾಕುವವರಿಗೆ ಇದರಿಂದ ಅನ್ಯಾಯವಾಗುತ್ತಿದೆ. ಬಾಟಲಿಯ ತುಪ್ಪ ಚಳಿಗಾಲದಲ್ಲಿ ತರಿತರಿಯಾದರೆ ‘ಸಕ್ಕರೆ ಬೆರೆಸಿದ್ದಾರೆ’ ಎಂದು ಕೊಂಡವರು ದೂರುತ್ತಾರೆ. ಜೇನುತುಪ್ಪದ ನೂರು ಪಾಲಿನಲ್ಲಿ ನೀರು 18 ಪಾಲಿನ ಆಸುಪಾಸು, ಗ್ಲೂಕೋಸ್ ಸುಮಾರು 31 ಪಾಲು. ಎಂದರೆ 100 ಗ್ರಾಂ ನೀರಿಗೆ 170 ಗ್ರಾಮಿಗಿಂತ ಹೆಚ್ಚು ಗ್ಲೂಕೋಸ್. ನಮ್ಮ ಕೋಣೆಯ ಉಷ್ಣತೆಯಲ್ಲಿ ನೀರು ಹಿಡಿಯುವುದು ಸುಮಾರು 90 ಗ್ರಾಂ. ಹುಳಗಳು ಗೂಡಿನಲ್ಲಿ ರೆಕ್ಕೆ ಬೀಸಿ ನೀರನ್ನು ಆವಿಯಾಗಿಸಿದಾಗಲೇ ತುಪ್ಪ ಬದುವನ್ನು ದಾಟಿಯಾಗಿದೆ. ಹರಳುಗಟ್ಟುವುದು ಅಪ್ಪಟ ತುಪ್ಪದ ಸಹಜ ಗುಣ. 14 ಡಿಗ್ರಿಯ ಆಸುಪಾಸಿನಲ್ಲಿ ಅದು ಬಹಳ ಬೇಗ ಹರಳುಗಟ್ಟುತ್ತದೆ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಮತ್ತೆ ತಿಳಿಯಾಗುತ್ತದೆ. ಹರಳಾಗಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಮೋಸಗಾರ ಎನ್ನಬೇಡಿ.

ಸೋಡಿಯಂ ಸಲ್ಫೇಟಿನ ಗೆರೆ ನಿಮ್ಮಲ್ಲಿ ಹಲವರನ್ನು ಆಗಲೇ ಕಾಡುತ್ತಿರಬೇಕು. ಸೊನ್ನೆಯಲ್ಲಿ 4.9 ಗ್ರಾಂ, 20 ಡಿಗ್ರಿಯಲ್ಲಿ 19.5, 30 ಡಿಗ್ರಿಯಲ್ಲಿ 40.8. ಪೆಟ್ಲುಪ್ಪಿಗಿಂತ ಜೋರಾದ ಏರು. 32.4 ಡಿಗ್ರಿ ದಾಟಿದ ಕೂಡಲೇ ಚೂಪಾದ ಮೂಲೆಯಾಗಿ ತಿರುಗಿ ನಿಧಾನವಾಗಿ ಇಳಿಯಲು ತೊಡಗುತ್ತದೆ. 100 ಡಿಗ್ರಿಯಲ್ಲಿ 42.5. ಈ ಮೂಲೆಯನ್ನು ಮಕ್ಕಳು ಗ್ರಾಫ್ ಹಾಳೆಯಲ್ಲಿ ನಯವಾದ ಗುಡ್ಡದಂತೆ ಬಾಗಿಸಿ ಬರೆಯುತ್ತಾರೆ. ನಯ ಮಾಡಬಾರದು. ಆ ಮೂಲೆಯಲ್ಲೇ ವಿಷಯವಿರುವುದು.

ಅದು ಒಂದು ಗೆರೆಯಲ್ಲ, ಎರಡು ಗೆರೆಗಳು ಸೇರುವ ಜಾಗ. 32.4 ಡಿಗ್ರಿಯ ಕೆಳಗೆ ದ್ರಾವಣದ ತಳದಲ್ಲಿ ಕೂರುವ ಹರಳು ಗ್ಲಾಬರ್ ಲವಣ. ಅದರ ಪ್ರತಿ ಘಟಕದ ಜೊತೆ ಹತ್ತು ನೀರಿನ ಅಣುಗಳು ಸೇರಿಕೊಂಡಿರುತ್ತವೆ. ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಕೂರುವುದು ನೀರಿಲ್ಲದ ಸೋಡಿಯಂ ಸಲ್ಫೇಟ್. ತಳದಲ್ಲಿರುವ ಘನವಸ್ತು ಬದಲಾದಾಗ ಬದುವೂ ಬದಲಾಗುತ್ತದೆ. ಫ್ರಾನ್ಸಿನ ಗೇ-ಲುಸಾಕ್ 1819ರಲ್ಲಿ ಲವಣಗಳ ಕರಗುವಿಕೆಯನ್ನು ಅಳೆದು ಹೀಗೆ ಗೆರೆಗಳಾಗಿ ಬರೆದು ಪ್ರಕಟಿಸಿದಾಗ, ಅಲ್ಲಿಯೂ ಈ ಲವಣದ ಗೆರೆ ಮೇಲೇರಿ ತಿರುಗಿ ಇಳಿದಿತ್ತು. ಮುಂದೆ ಅಮೆರಿಕದ ಥಿಯೋಡೋರ್ ರಿಚರ್ಡ್ಸ್ ಈ ಮೂಲೆ 32.38 ಡಿಗ್ರಿಯಲ್ಲಿ ಎಷ್ಟು ಕರಾರುವಾಕ್ಕಾಗಿ ನಿಲ್ಲುತ್ತದೆಂದರೆ ಅದರಿಂದ ಉಷ್ಣಮಾಪಕವನ್ನೇ ತಾಳೆ ನೋಡಬಹುದು ಎಂದು ತೋರಿಸಿದರು.

ನಾನು ಇದನ್ನು ಕಣ್ಣಾರೆ ಕಂಡದ್ದು ಕಲಬುರಗಿ ಕಡೆಯ ಒಂದು ಕಾಲೇಜಿನಲ್ಲಿ, ಮೇ ತಿಂಗಳಲ್ಲಿ. ಪ್ರಯೋಗಾಲಯದ ಕಪಾಟು ತೆಗೆದಾಗ ಗ್ಲಾಬರ್ ಲವಣದ ಬಾಟಲಿಯಲ್ಲಿ ಹರಳುಗಳು ಅರ್ಧ ನೀರಾಗಿದ್ದವು. ತಳದಲ್ಲಿ ಬಿಳಿ ಪುಡಿ, ಮೇಲೆ ಎರಡು ಬೆರಳು ತಿಳಿ ದ್ರವ. ಯಾರೋ ಬಾಟಲಿಗೆ ನೀರು ಬಿಟ್ಟಿದ್ದಾರೆ ಎಂದು ಅಲ್ಲಿನ ಸಹಾಯಕರು ಗಾಬರಿಯಾದರು. ಮುಚ್ಚಳ ಭದ್ರವಾಗಿಯೇ ಇತ್ತು. ಕಪಾಟಿನ ಒಳಗಿನ ಸೆಕೆ 32.4ನ್ನು ದಾಟಿತ್ತು, ಹರಳು ತನ್ನೊಳಗಿನ ನೀರನ್ನು ಬಿಟ್ಟುಕೊಟ್ಟು ಅದೇ ನೀರಿನಲ್ಲಿ ತಾನೇ ಕರಗಿತ್ತು. ಗ್ರಾಫಿನ ಆ ಮೂಲೆ ಬಾಟಲಿಯೊಳಗೆ ಕೂತು ನನ್ನನ್ನು ನೋಡುತ್ತಿತ್ತು. ಅಂದಿನಿಂದ ಆ ಮೂಲೆಯನ್ನು ಯಾರಾದರೂ ಬಾಗಿಸಿ ಬರೆದರೆ ನನಗೆ ತಡೆಯಲಾಗುವುದಿಲ್ಲ.

ಓದುವ ಕೈಚಳಕದ ಬಗ್ಗೆ ಒಂದು ಮಾತು. ಎರಡು ಚುಕ್ಕೆಗಳ ನಡುವಿನ ಬೆಲೆ ಬೇಕಾದಾಗ ಸರಾಸರಿ ತೆಗೆಯಬೇಡಿ, ಗೆರೆಯನ್ನು ಓದಿ. ಪೆಟ್ಲುಪ್ಪಿನ 20 ಮತ್ತು 60 ಡಿಗ್ರಿಗಳ ಸರಾಸರಿ 70.8 ಬರುತ್ತದೆ. 40 ಡಿಗ್ರಿಯಲ್ಲಿ ನಿಜವಾಗಿ ಕರಗುವುದು 63.9. ಗೆರೆ ಕೆಳಕ್ಕೆ ಜೋತಿದೆ, ಅದಕ್ಕೇ ಈ ಅಂತರ.

ಈಗ ಕಾಣೆಯಾದ ನಾಲ್ಕನೆಯ ಗೆರೆ. ಯಾರಾದರೂ ಕಂಡುಹಿಡಿದಿರಾ? ಹಿಂದಿನ ಸಾಲಿನ ಹುಡುಗಿ ‘ಅಡ್ಡ ಅಕ್ಷದ ಮೇಲೆಯೇ ಇದೆ’ ಎನ್ನುತ್ತಿದ್ದಾಳೆ. ಸರಿಯಾಗಿ ಹೇಳಿದೆ, ಮಗು. ಸುಣ್ಣ 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 0.17 ಗ್ರಾಂ ಮಾತ್ರ ಕರಗುತ್ತದೆ. ಒಂದು ಸೆಂಟಿಮೀಟರಿಗೆ 10 ಗ್ರಾಂ ಎಂದು ಅಳತೆ ಹಿಡಿದರೆ ಅದು ಅಕ್ಷದಿಂದ 0.17 ಮಿಲಿಮೀಟರ್ ಎತ್ತರ. ಪೆನ್ಸಿಲಿನ ಗೆರೆಯೇ ಅದಕ್ಕಿಂತ ದಪ್ಪ. ಪುಸ್ತಕಗಳಲ್ಲಿ ಸುಣ್ಣದ ಗೆರೆ ಸ್ಪಷ್ಟವಾಗಿ ಇಳಿಯುವಂತೆ ಕಾಣಬೇಕಾದರೆ ಲಂಬ ಅಕ್ಷವನ್ನು ನೂರಾರು ಪಟ್ಟು ಹಿಗ್ಗಿಸಿರುತ್ತಾರೆ. ಅಕ್ಷ ನೋಡದೆ ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಸುಣ್ಣವೂ ಪೆಟ್ಲುಪ್ಪೂ ಒಂದೇ ಎತ್ತರದಲ್ಲಿ ಕಾಣುತ್ತವೆ. ಮೊದಲು ಅಂಗೈಯಿಂದ ಗೆರೆ ಮುಚ್ಚಿ ಎಂದದ್ದು ಇದಕ್ಕೇ.

ಹಿಗ್ಗಿಸಿ ನೋಡಿದಾಗ ಕಾಣುವುದು ಇಳಿಜಾರು. ಬಿಸಿ ಹೆಚ್ಚಾದಷ್ಟೂ ಸುಣ್ಣ ಕಡಿಮೆ ಕರಗುತ್ತದೆ. 100 ಡಿಗ್ರಿಗೆ ಬರುವಷ್ಟರಲ್ಲಿ ಅರ್ಧಕ್ಕೂ ಕಡಿಮೆ. ಬಾಯಿಮಾತು ಬೇಡ, ಕಣ್ಣಿಂದ ನೋಡಿ. ಈ ಪ್ರನಾಳದಲ್ಲಿರುವುದು ಸುಣ್ಣದ ತಿಳಿನೀರು. ನಿಮ್ಮ ಅಘನಾಶಿನಿಯ ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನೇ ನಿನ್ನೆ ನೀರಿನಲ್ಲಿ ಕಲಕಿ, ತಳ ಕೂರಿಸಿ, ಸೋಸಿ ತಂದಿದ್ದೇನೆ. ನೋಡಿ, ಗಾಜಿನಷ್ಟು ತಿಳಿ. ಸ್ಪಿರಿಟ್ ದೀಪದ ಮೇಲೆ ಹಿಡಿಯುತ್ತೇನೆ. ಮುಂದಿನ ಸಾಲಿನವರಿಗೆ ಕಾಣಲು ಶುರುವಾಗಿರಬೇಕು: ಮೊದಲು ಹೊಗೆ ಹಾಯ್ದಂತೆ, ಈಗ ಅಕ್ಕಿ ತೊಳೆದ ನೀರಿನಂತೆ. ಕಾಯಿಸಿದರೆ ಕರಗಬೇಕಾದದ್ದು ಹೊರಗೆ ಬರುತ್ತಿದೆ. ಉಸಿರು ಊದಿದರೂ ಸುಣ್ಣದ ತಿಳಿ ಹಾಲಾಗುತ್ತದೆ ಎಂದು ಮಕ್ಕಳು ಕಲಿತಿರುತ್ತಾರೆ. ಅದು ಬೇರೆ, ಅಲ್ಲಿ ಹುಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟ್, ತಣಿಸಿದರೆ ಅದು ಹೋಗುವುದಿಲ್ಲ. ಇದನ್ನು ಬಿರಡೆ ಹಾಕಿ ಸ್ಟ್ಯಾಂಡಿನಲ್ಲಿ ಇಡುತ್ತೇನೆ. ತಣಿದಂತೆ ನಿಧಾನವಾಗಿ ತಿಳಿಯಾಗಲು ತೊಡಗುತ್ತದೆ, ಹೊರಡುವ ಮೊದಲು ಬಂದು ನೋಡಿ.

ಕೆಲವು ಗೆರೆ ಏರುವುದೇಕೆ, ಕೆಲವು ಇಳಿಯುವುದೇಕೆ? ಪೆಟ್ಲುಪ್ಪನ್ನು ನೀರಿಗೆ ಹಾಕಿ ಲೋಟವನ್ನು ಮುಟ್ಟಿದರೆ ತಣ್ಣಗಾಗುತ್ತದೆ. ಕರಗುವಾಗ ಅದು ಶಾಖವನ್ನು ಒಳಗೆ ಎಳೆದುಕೊಳ್ಳುತ್ತದೆ. ನಾವು ಶಾಖ ಕೊಟ್ಟರೆ ಅದು ಕರಗುವ ದಿಕ್ಕಿಗೆ ಒಲಿಯುತ್ತದೆ. ಸುಣ್ಣ ಕರಗುವಾಗ ಶಾಖವನ್ನು ಬಿಡುತ್ತದೆ, ಹಾಗಾಗಿ ಬಿಸಿ ಮಾಡಿದರೆ ಹಿಂದಕ್ಕೆ ಸರಿಯುತ್ತದೆ. ಇದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೆ ಶಾಟಲಿಯೇ ಹೇಳಿದ ನಿಯಮ. ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕೊತಕೊತ ಕುದಿಯುತ್ತದಲ್ಲ, ಅದನ್ನು ಮಾತ್ರ ಇಲ್ಲಿಗೆ ತರಬೇಡಿ. ಅದು ಕರಗುವಿಕೆಯಲ್ಲ, ಸುಟ್ಟ ಸುಣ್ಣ ನೀರಿನ ಜೊತೆ ಸೇರಿ ಬೇರೆ ವಸ್ತುವೇ ಆಗುವ ಕ್ರಿಯೆ.

ಶಿಕ್ಷಕರನ್ನು ಮುಜುಗರಕ್ಕೆ ಸಿಕ್ಕಿಸುವ ಒಂದು ಪ್ರಶ್ನೆ ಇದೆ. ಅದನ್ನು ನಾನೇ ಕೇಳಿಬಿಡುತ್ತೇನೆ. ನೀರಿಲ್ಲದ ಕ್ಯಾಲ್ಸಿಯಂ ಕ್ಲೋರೈಡನ್ನು ನೀರಿಗೆ ಹಾಕಿದರೆ ಲೋಟ ಕೈಸುಡುವಷ್ಟು ಬಿಸಿಯಾಗುತ್ತದೆ. ನಿಯಮದ ಪ್ರಕಾರ ಅದರ ಗೆರೆ ಇಳಿಯಬೇಕು. ಆದರೆ ಏರುತ್ತದೆ. ಸೊನ್ನೆಯಲ್ಲಿ 59.5 ಗ್ರಾಂ, 20 ಡಿಗ್ರಿಯಲ್ಲಿ 74.5. ನಿಯಮ ತಪ್ಪಿತೇ? ತಪ್ಪಿದ್ದು ನಾವು ನೋಡಿದ ಹರಳು. ಪರ್ಯಾಪ್ತ ದ್ರಾವಣದ ತಳದಲ್ಲಿ ಈ ಉಷ್ಣತೆಯಲ್ಲಿ ಕೂತಿರುವುದು ನಾವು ಡಬ್ಬಿಯಿಂದ ಹಾಕಿದ ಒಣ ಪುಡಿಯಲ್ಲ, ಆರು ನೀರಿನ ಅಣುಗಳನ್ನು ಕಟ್ಟಿಕೊಂಡ ಹರಳು. ಆ ಹರಳು ಕರಗುವಾಗ ಲೋಟ ತಣ್ಣಗಾಗುತ್ತದೆ. ಗೆರೆ ಅದರ ಮಾತನ್ನು ಕೇಳುತ್ತದೆ. ಮಗು ಇಂಥ ಪ್ರಶ್ನೆ ಕೇಳಿದಾಗ ‘ಅದು ಅಪವಾದ’ ಎಂದು ಬಾಯಿ ಮುಚ್ಚಿಸಬೇಡಿ. ತಳದಲ್ಲಿರುವುದು ಯಾವ ಹರಳು ಎಂದು ಕೇಳಲು ಕಲಿಸಿ.

ಇನ್ನು ಉಳಿದಿರುವುದು ಅನಿಲಗಳು. ಇವುಗಳ ಗೆರೆ ಇಳಿಯುತ್ತದೆ. ಪಾತ್ರೆಯಲ್ಲಿ ನೀರು ಕಾಯಲು ಶುರುವಾದಾಗ, ಕುದಿಯುವುದಕ್ಕೆ ಬಹಳ ಮೊದಲೇ, ಗೋಡೆಗೆ ಅಂಟಿಕೊಳ್ಳುವ ಸಣ್ಣ ಗುಳ್ಳೆಗಳು ಕರಗಿದ್ದ ಗಾಳಿ. ಈ ಗ್ರಾಫಿನ ಅಕ್ಷವೇ ಬೇರೆ: ಒಂದು ಲೀಟರ್ ನೀರಿಗೆ ಇಷ್ಟು ಮಿಲಿಗ್ರಾಂ. ಆಮ್ಲಜನಕ ಸೊನ್ನೆಯಲ್ಲಿ 14.6, 20 ಡಿಗ್ರಿಯಲ್ಲಿ 9.1, 30 ಡಿಗ್ರಿಯಲ್ಲಿ 7.6. ಇದರ ಜೊತೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಷರತ್ತು ಇರುತ್ತದೆ: ಸಮುದ್ರಮಟ್ಟದ ವಾಯುಭಾರದಲ್ಲಿ. ಕುಮಟಾಕ್ಕೆ ಈ ಅಂಕಿಗಳು ಹಾಗೆಯೇ ಹೊಂದುತ್ತವೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಹತ್ತರಲ್ಲಿ ಒಂದು ಪಾಲು ಕಡಿಮೆ, ಅಲ್ಲಿನ ಕೆರೆಯ ನೀರು ಹಿಡಿಯುವ ಆಮ್ಲಜನಕವೂ ಅಷ್ಟೇ ಕಡಿಮೆ. ಘನವಸ್ತುಗಳಿಗೆ ವಾಯುಭಾರದ ಈ ಏರಿಳಿತ ಲೆಕ್ಕಕ್ಕಿಲ್ಲ, ಅನಿಲಗಳಿಗೆ ಅದೇ ಜೀವಾಳ. ಉಪ್ಪುನೀರಾದರೆ ಇನ್ನೂ ಕಡಿಮೆ. 30 ಡಿಗ್ರಿಯ ಸಮುದ್ರದ ನೀರು ಹಿಡಿಯುವುದು ಸುಮಾರು 6.2 ಮಿಲಿಗ್ರಾಂ.

ಬೇಸಿಗೆಯಲ್ಲಿ ಕೆರೆಯ ಮೀನುಗಳು ಸತ್ತು ತೇಲಿದಾಗ ‘ಬಿಸಿಲಿಗೆ ಆಮ್ಲಜನಕ ಕಡಿಮೆಯಾಯಿತು’ ಎಂಬ ವಿವರಣೆ ಕೇಳಿಬರುತ್ತದೆ. ಅಂಕಿಗಳನ್ನು ನೋಡಿ. 20ರಿಂದ 30 ಡಿಗ್ರಿಗೆ ಏರಿದರೆ 9.1 ಇದ್ದದ್ದು 7.6 ಆಗುತ್ತದೆ. ಆರರಲ್ಲಿ ಒಂದು ಪಾಲು ಇಳಿಕೆ. ಅಷ್ಟಕ್ಕೇ ನಮ್ಮ ಕೆರೆಯ ಮೀನು ಸಾಯುವುದಿಲ್ಲ. ಕೆರೆಗೆ ಬಿಟ್ಟ ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಉಸಿರಾಡಿ, ಇರುವ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಬಿಸಿಯಲ್ಲಿ ಅವುಗಳ ಕೆಲಸ ಇನ್ನಷ್ಟು ಚುರುಕಾಗುತ್ತದೆ. ಕೊಳಚೆಯ ತಪ್ಪನ್ನು ಸೂರ್ಯನ ತಲೆಗೆ ಕಟ್ಟಲು ಗ್ರಾಫನ್ನು ಸಾಕ್ಷಿಗೆ ಕರೆಯುವುದು ಸರಿಯಲ್ಲ.

ಸೂರ್ಯನದಲ್ಲ ಎಂಬುದಕ್ಕೆ ನಿಮ್ಮ ಅಳಿವೆಯ ಸಿಗಡಿ ಕೆರೆಗಳಲ್ಲೇ ಪುರಾವೆ ಇದೆ. ಸಿಗಡಿ ಸಾಕುವವರು ಅತ್ಯಂತ ಭಯಪಡುವ ಹೊತ್ತು ಯಾವುದು? ಮಧ್ಯಾಹ್ನ ಎರಡು ಗಂಟೆಯಲ್ಲ, ಬೆಳಗಿನ ಜಾವ. ಗ್ರಾಫನ್ನು ನೋಡಿದರೆ ಇದು ತಲೆಕೆಳಗು. ಬೆಳಗಿನ ಜಾವ ನೀರು ದಿನದಲ್ಲೇ ಅತಿ ತಂಪು, ಬದು ಅತಿ ಎತ್ತರದಲ್ಲಿರುತ್ತದೆ, ನೀರು ಅತಿ ಹೆಚ್ಚು ಆಮ್ಲಜನಕವನ್ನು ಹಿಡಿಯಬಲ್ಲದು. ಹಿಡಿಯಬಲ್ಲದು, ಆದರೆ ಹಿಡಿದಿಲ್ಲ. ಹಗಲೆಲ್ಲ ಬಿಸಿಲಿನಲ್ಲಿ ಆಮ್ಲಜನಕ ತಯಾರಿಸಿದ ನೀರಿನ ಪಾಚಿ ಕತ್ತಲಾದ ಮೇಲೆ ತಯಾರಿಸುವುದನ್ನು ನಿಲ್ಲಿಸಿ, ಸಿಗಡಿಯ ಜೊತೆ ತಾನೂ ಉಸಿರಾಡುತ್ತದೆ. ರಾತ್ರಿಯಿಡೀ ಖರ್ಚು, ಜಮೆ ಇಲ್ಲ. ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿರುವ ಆಮ್ಲಜನಕ ಬದುವಿನಿಂದ ಬಹಳ ಕೆಳಗೆ, ಪಾತಾಳದಲ್ಲಿರುತ್ತದೆ. ಮಧ್ಯಾಹ್ನ ಬದು ತಗ್ಗಿರುತ್ತದೆ, ಆದರೆ ಪಾಚಿಯ ದುಡಿಮೆಯಿಂದ ನೀರು ಎಷ್ಟೋ ಸಲ ಬದುವನ್ನೂ ದಾಟಿ ಅತಿಪರ್ಯಾಪ್ತವಾಗಿರುತ್ತದೆ.

ರಾತ್ರಿ ಆ ಕೆರೆಗಳ ದಾರಿಯಲ್ಲಿ ಹೋದರೆ ಚಕ್ರಗಳು ನೀರನ್ನು ಬಡಿಯುವ ಸದ್ದು ಕೇಳಿಸುತ್ತದೆ. ನೀರನ್ನು ಗಾಳಿಗೆ ಎರಚಿ, ನೀರಿನಲ್ಲಿ ಈಗ ಇರುವ ಆಮ್ಲಜನಕವನ್ನು ಹಾಳೆಯ ಮೇಲಿನ ಗೆರೆಯ ಹತ್ತಿರಕ್ಕೆ ಎತ್ತಲು ಅವು ತಿರುಗುತ್ತಿರುತ್ತವೆ. ಪ್ರನಾಳ ಇಲ್ಲೇ ಸ್ಟ್ಯಾಂಡಿನಲ್ಲಿದೆ. ಮೇಲಿನ ಅರ್ಧ ಆಗಲೇ ತಿಳಿಯಾಗಿದೆ, ಬನ್ನಿ ನೋಡಿ.